ಶುಕ್ರವಾರದ ಹಾಜರಿಯಲ್ಲಿ ಜಾಹೆದಾ

ರಾಯಚೂರು
29 ಜುಲೈ 2024

ಕಲ್ಯಾಣಿಯವರಿಗೆ ನಮಸ್ಕಾರ.

ನನ್ನ ನಂಬರನ್ನು ನೀವು ಕಳೆದ ಸೆಪ್ಟೆಂಬರಿನಲ್ಲಿ ಬ್ಲಾಕ್ ಮಾಡಿದ್ದೀರಿ. ತರಬೇತಿಯ ಗ್ರೂಪಿನಲ್ಲಿ ಕೇಳಿದರೆ ಎಲ್ಲರೂ ಓದುತ್ತಾರೆ. ಆದ್ದರಿಂದ ಅಂಚೆಯಲ್ಲಿ ಬರೆಯುತ್ತಿದ್ದೇನೆ. ವಿಷಯ ಕಚೇರಿಯದು.

ಒಂದರಿಂದ ಮೂರನೆಯ ತರಗತಿಯ ಶಿಕ್ಷಕರಿಗಾಗಿ ಓದು-ಬರಹದ ಆನ್‌ಲೈನ್ ತರಬೇತಿ ಈ ತಿಂಗಳ ಹನ್ನೆರಡರಿಂದ ನಡೆಯುತ್ತಿದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಈ ವರ್ಷವೂ ಮಾರ್ಗದರ್ಶಕಿ ನಾನೇ. ಪಟ್ಟಿ ಕಳೆದ ಡಿಸೆಂಬರಿನಲ್ಲಿ ತಯಾರಾದದ್ದು. ನಿಮ್ಮ ಶಾಲೆಯಿಂದ ಅದರಲ್ಲಿ ಎರಡು ಹೆಸರಿವೆ. ನಿಮ್ಮ ಹೆಸರಿನಲ್ಲಿ ಇದುವರೆಗೆ ಯಾರೂ ಬಂದಿಲ್ಲ. ಜಾಹೆದಾ ಹೆಸರಿನಲ್ಲಿ ಮೂರೂ ಶುಕ್ರವಾರ ಪೂರ್ತಿ ಹಾಜರಿ ಇದೆ.

ಜಾಹೆದಾ ಜನವರಿಯಲ್ಲಿ ತೀರಿಕೊಂಡದ್ದು ನನಗೆ ಗೊತ್ತು. ನಾನು ಮಣ್ಣಿಗೆ ಬರಲಿಲ್ಲ ಎಂಬುದು ನಿಮಗೆ ಗೊತ್ತು.

ಈ ತರಬೇತಿಗಳು ಹೇಗೆ ನಡೆಯುತ್ತವೆ ಎಂಬುದರ ಬಗ್ಗೆ ನನಗೆ ಭ್ರಮೆಯಿಲ್ಲ. ಫೋನನ್ನು ಕಿಟಕಿಗೋ ಬೀರುವಿಗೋ ಒರಗಿಸಿ, ಕ್ಯಾಮೆರಾ ತೆರೆದಿಟ್ಟು, ಎಲ್ಲರೂ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹಾಜರಿ ಫೋನಿನದು. ನಾನು ಒಂದೂವರೆ ಗಂಟೆ ಖಾಲಿ ಕುರ್ಚಿಗಳಿಗೆ, ತಿರುಗುವ ಫ್ಯಾನುಗಳಿಗೆ ಪಾಠ ಹೇಳುತ್ತೇನೆ. ಪರದೆಯಲ್ಲಿ ಮಾನ್ವಿ ಕಡೆಯ ವಿನೋದ ಮಾಸ್ತರರ ಚೌಕದಲ್ಲಿ ಮೊನ್ನೆ ಅಡುಗೆಯ ಗೋಪಮ್ಮ ಕುಳಿತಿದ್ದರು. ಮಾಸ್ತರರು ಎಲ್ಲಿ ಎಂದು ಕೇಳಿದೆ. "ಅವ್ರು ಹೊರಗ ಹೋಗ್ಯಾರ್ರಿ. ನೀವು ಹೇಳ್ರಿ, ನಾ ಕೇಳಾಕತ್ತೀನಿ" ಎಂದರು. ನಿಜಕ್ಕೂ ಕೇಳುತ್ತಿದ್ದರು.

ಜಾಹೆದಾಳ ಚೌಕದಲ್ಲಿ ಒಂದು ಕೋಣೆ. ಎದುರಿನ ಗೋಡೆಯ ತುಂಬ ಚಾರ್ಟು ಹಾಳೆಗಳು. ಮೊದಲ ಎರಡು ವಾರ ಕೋಣೆ ಖಾಲಿಯಿತ್ತು. ಇಪ್ಪತ್ತಾರರಂದು ಹಾಗಿರಲಿಲ್ಲ.

ಸತ್ತವರ ಹೆಸರಿನಲ್ಲಿ ಹಾಜರಿ ಹೇಗೆ ಬಂತೆಂದು ಲಿಖಿತ ವಿವರಣೆ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಸಂಘಮಿತ್ರಾ


ಜಾಲಿದೊಡ್ಡಿ, ದೇವದುರ್ಗ ತಾಲೂಕು
5 ಆಗಸ್ಟ್ 2024

ಸಂಘಮಿತ್ರಾ,

ನನ್ನನ್ನು ನೀವು ಅನ್ನಬೇಡ. ರಾಯಚೂರಿನ ಸ್ಟೇಶನ್ ರೋಡಿನ ಒಂದೇ ಕೋಣೆಯಲ್ಲಿ ಜಾಹೆದಾಳೂ ಸೇರಿ ನಾವು ಮೂವರು ಎರಡು ವರ್ಷ ಡಿ.ಎಡ್. ಓದಿದ್ದೇವೆ. ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿದ್ದೇವೆ.

ವಿವರಣೆ ಇಷ್ಟೇ. ನಮ್ಮ ಶಾಲೆಯಲ್ಲಿ ಇದ್ದದ್ದು ನಾವಿಬ್ಬರೇ ಶಿಕ್ಷಕಿಯರು. ಯಾವುದೇ ಆನ್‌ಲೈನ್ ತರಬೇತಿ ಬಂದರೂ ಕೆಲಸ ಹಂಚಿಕೊಳ್ಳುತ್ತಿದ್ದೆವು. ಅವಳು ಎರಡೂ ತರಗತಿಯ ಮಕ್ಕಳನ್ನು ನೋಡಿಕೊಳ್ಳುವುದು, ನಾನು ಇಬ್ಬರ ಲಾಗಿನ್ನಿನಲ್ಲೂ ಕೂತು, ಪ್ರಶ್ನೆಗಳಿಗೆ ಉತ್ತರ ಒತ್ತಿ, ಫೋಟೋ ಏರಿಸುವುದು. ನಿನ್ನ ತರಬೇತಿಯ ಸರ್ಟಿಫಿಕೇಟು ನನ್ನ ಹತ್ತಿರ ನಾಲ್ಕಿವೆ. ನೀನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ನಾನು ಕೇಳಿಲ್ಲ. ಎಲ್ಲ ಕಡೆ ಹೀಗೇ ನಡೆಯುತ್ತದೆ, ನಿನಗೂ ಗೊತ್ತು.

ಶಾಲೆಯ ಟ್ಯಾಬ್ ಅವಳ ಹೆಸರಿನಲ್ಲಿ ನೋಂದಣಿಯಾಗಿದೆ. ಬದಲಾಯಿಸಲು ಅವಳ ಫೋನಿಗೆ ಬರುವ ಸಂಖ್ಯೆ ಬೇಕು, ಆ ಸಿಮ್ ಈಗ ಇಲ್ಲ. ನನ್ನ ಫೋನಿಗೆ ಇಲ್ಲಿ ನೆಟ್ ಸಿಗುವುದಿಲ್ಲ, ಮೊದಲು ಅವಳ ಫೋನಿನಲ್ಲಿ ನನ್ನ ಲಾಗಿನ್ ತೆರೆಯುತ್ತಿದ್ದೆ. ಟ್ಯಾಬಿಗೂ ಸಿಗುವುದು ಒಂದೇ ಜಾಗದಲ್ಲಿ, ಅವಳ ಕೋಣೆಯ ಕಿಟಕಿಯಲ್ಲಿ. ಆದ್ದರಿಂದ ಶುಕ್ರವಾರ ಅಲ್ಲಿ ಇಟ್ಟು ಬರುತ್ತೇನೆ. ಹೆಸರಿನ ಕೆಳಗೆ ಸತ್ತವರೋ ಬದುಕಿದವರೋ ಎಂದು ನಿಮ್ಮ ಆ್ಯಪ್ ಕೇಳುವುದಿಲ್ಲ.

ಚಾರ್ಟುಗಳು ಅವಳು ಬರೆದವು. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಅಂಟಿಸುತ್ತಿದ್ದಳು. ತೆಗೆಯಲು ಮನಸ್ಸಾಗಿಲ್ಲ. ಈಗ ಆ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಹದಿನಾಲ್ಕು ಮಕ್ಕಳು, ಎಲ್ಲರೂ ನನ್ನ ಕೋಣೆಯಲ್ಲಿ.

ಇಪ್ಪತ್ತಾರರಂದು ಹಾಗಿರಲಿಲ್ಲ ಅಂದರೆ ಏನು? ಅರ್ಧ ಹೇಳುವ ನಿನ್ನ ಅಭ್ಯಾಸ ಇನ್ನೂ ಹೋಗಿಲ್ಲ.

ಕಲ್ಯಾಣಿ


ರಾಯಚೂರು
12 ಆಗಸ್ಟ್ 2024

ಕಲ್ಯಾಣಿ,

ಪಂಚಮಿಯೆಂದು ಕಳೆದ ಶುಕ್ರವಾರ ತರಬೇತಿ ಇರಲಿಲ್ಲ. ಯೋಚಿಸಲು ಒಂದು ವಾರ ಸಿಕ್ಕಿತು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಜುಲೈ ಇಪ್ಪತ್ತಾರು, ಮೂರೂ ಹತ್ತಕ್ಕೆ ಒಂದು ಹುಡುಗಿ ಕೋಣೆಗೆ ಬಂದಳು. ಆರು ವರ್ಷ ಇರಬಹುದು. ಹಸಿರು ಲಂಗ, ಕತ್ತರಿಸಿದ ಕೂದಲು, ಎಡಗಾಲಿಗೆ ಕರಿದಾರ. ಚಾರ್ಟುಗಳಿಗೆ ಬೆನ್ನು ಮಾಡಿ ಕಿಟಕಿಯ ಕಡೆಗೆ ಮುಖಮಾಡಿ ಕುಳಿತಳು. ಸ್ವಲ್ಪ ಹೊತ್ತಿನ ನಂತರ ಯಾರೋ ಕರೆದಂತೆ ಎದ್ದು ಹೋಗಿ ಒಂದು ಚಾರ್ಟಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ತಿರುಗಿ ಕಿಟಕಿಯ ಕಡೆ ನೋಡಿದಳು. ಮತ್ತೆ ಮುಂದಿನ ಅಕ್ಷರ. ಇಪ್ಪತ್ತು ನಿಮಿಷ ಹೀಗೇ.

ಆಗಸ್ಟ್ ಎರಡರಂದು ಮತ್ತೆ ಬಂದಳು. ಆವತ್ತು ಬಾಯಿ ತೆರೆದಳು. ನಾನು ಉಳಿದವರನ್ನೆಲ್ಲ ಮ್ಯೂಟ್ ಮಾಡಿ ಆಲಿಸಿದೆ. "ನಮ್ಮ ಆಡು" ಎಂದು ಓದಿದಳು. ಎರಡೇ ಪದ.

ನಿನ್ನಿಂದ ಒಂದು ವಿಷಯ ಖಚಿತವಾಗಬೇಕು. ಅವಳು ನೋಡುವುದು ಕ್ಯಾಮೆರಾವನ್ನಲ್ಲ. ಮಕ್ಕಳು ಪರದೆಯನ್ನು ನೋಡಿದರೆ ನನಗೆ ತಿಳಿಯುತ್ತದೆ, ನನ್ನ ಕೆಲಸವೇ ಅದು. ಅವಳ ದೃಷ್ಟಿ ಟ್ಯಾಬಿಗಿಂತ ಒಂದು ಗೇಣು ಕೆಳಗೆ ನಿಲ್ಲುತ್ತದೆ. ಕಿಟಕಿಯ ಕೆಳಗೆ ಯಾರು ಕುಳಿತಿರುತ್ತಾರೆ? ನೀನು ಮಧ್ಯೆ ಬಂದು ಕೂರುತ್ತೀಯಾ?

ಸಂಘಮಿತ್ರಾ


ಜಾಲಿದೊಡ್ಡಿ
19 ಆಗಸ್ಟ್ 2024

ಸಂಘಮಿತ್ರಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಹೇಳುವ ಹುಡುಗಿ ಮಲ್ಲೇಶ್ವರಿ. ಕರಿದಾರವೂ ಸರಿ, ಹಸಿರು ಲಂಗವೂ ಸರಿ. ಓದಿದಳು ಅಂದೆಯಲ್ಲ, ಅದೊಂದು ಸರಿಯಲ್ಲ. ಜೂನಿನಲ್ಲಿ ಸೇರಿದ ಆ ಮಗು ಈ ಶಾಲೆಯಲ್ಲಿ ಇಲ್ಲಿಯವರೆಗೆ ಒಂದು ಮಾತೂ ಆಡಿಲ್ಲ. ಹೆಸರು ಕೂಗಿದರೆ ಎದ್ದು ನಿಲ್ಲುತ್ತಾಳೆ, ಅಷ್ಟೇ. ಸ್ಲೇಟು ಕೊಟ್ಟರೆ ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

ಅವರದು ಕುರಿ ಕಾಯುವ ಮನೆತನ. ತಾಯಿ ಇಲ್ಲ. ಅಜ್ಜ ಅಂಬಣ್ಣ, ಅಜ್ಜಿ ಜಂಬಮ್ಮ. ಹೋದ ವರ್ಷವೆಲ್ಲ ಹಿಂಡಿನ ಜೊತೆ ಹೊರಗೇ ಇದ್ದರು. ಜಾಹೆದಾಳನ್ನು ಈ ಮಗು ಕಂಡೇ ಇಲ್ಲ. ದೀಪಾವಳಿ ಮುಗಿದ ಮೇಲೆ ಅವರು ಕುರಿ ಹೊಡೆದುಕೊಂಡು ಮಾನ್ವಿಯ ಕಾಲುವೆ ಗದ್ದೆಗಳ ಕಡೆ ಇಳಿಯುತ್ತಾರೆ. ಕೊಯ್ಲಾದ ಹೊಲಗಳಲ್ಲಿ ಮೇಯಿಸುತ್ತ ಬೇಸಿಗೆವರೆಗೆ ತಿರುಗುತ್ತಾರೆ. ಮಗುವನ್ನು ಜಂಬಮ್ಮನ ಹತ್ತಿರ ಬಿಟ್ಟು ಹೋಗು ಎಂದು ಅಂಬಣ್ಣನಿಗೆ ಹೇಳಿ ಹೇಳಿ ಸಾಕಾಗಿದೆ. ಅವನು ಹೇಳುವುದು ಒಂದೇ. "ಬಾಯೇ ಬಿಡಂಗಿಲ್ಲ ಅಂತೀರಿ. ಬಾಯಿಲ್ಲದ ಕೂಸಿಗಿ ಸಾಲಿ ಯಾಕ್ರಿ ಟೀಚರ್? ಕುರಿ ಏನ್ ಓದು ಬರಹ ಕೇಳ್ತಾವೇನು." ಅವಳು ಒಂದು ಸಾಲು ಓದಿ ತೋರಿಸಿದರೆ ಸಾಕು, ಬಿಟ್ಟು ಹೋಗುತ್ತೇನೆ ಎಂದಿದ್ದಾನೆ. ಈ ವರ್ಷ ಹೋದರೆ ಅವಳು ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಹಾಗೆ ಹೋದ ಮೂವರನ್ನು ನಾನು ನೋಡಿದ್ದೇನೆ.

ಮೊನ್ನೆ ಹದಿನಾರರಂದು ಟ್ಯಾಬ್ ಇಟ್ಟು ನನ್ನ ಕೋಣೆಗೆ ಹೋದವಳು ಹತ್ತು ನಿಮಿಷಕ್ಕೆ ಸದ್ದಿಲ್ಲದೆ ವಾಪಸು ಬಂದೆ. ಬಾಗಿಲ ಹೊರಗೆ ನಿಂತಾಗ ಒಳಗಿನಿಂದ ಒಂದು ಸಣ್ಣ ಧ್ವನಿ ಕೇಳಿದ ಹಾಗಾಯಿತು. ಒಳಗೆ ಕಾಲಿಟ್ಟೆ, ನಿಂತಿತು. ಮಲ್ಲೇಶ್ವರಿ ಗೋಡೆಗೆ ಮುಖಮಾಡಿ ನಿಂತಿದ್ದಳು. ಕಿಟಕಿಯ ಕೆಳಗೆ ಯಾರೂ ಇರಲಿಲ್ಲ.

ಆ ಜಾಗ ಯಾವುದೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ಜಾಹೆದಾ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದಳು, ಮಗುವಿನ ಮುಖ ತನ್ನ ಮುಖಕ್ಕೆ ಸಮನಾಗಿ ಬರಲಿ ಎಂದು.

ತರಬೇತಿಯನ್ನು ರೆಕಾರ್ಡ್ ಮಾಡಲು ಬರುತ್ತದಲ್ಲ, ಮಾಡು. ಅಂಬಣ್ಣನಿಗೆ ತೋರಿಸುತ್ತೇನೆ. ಉಳಿದದ್ದರ ಬಗ್ಗೆ ನನಗೆ ಈಗ ಯೋಚಿಸಲಾಗುವುದಿಲ್ಲ.

ಕಲ್ಯಾಣಿ


ರಾಯಚೂರು
8 ಸೆಪ್ಟೆಂಬರ್ 2024

ಪ್ರಿಯ ಕಲ್ಯಾಣಿ,

ಈ ಪತ್ರದೊಳಗೆ ಒಂದು ಮೆಮೊರಿ ಕಾರ್ಡನ್ನು ಅಂಟಿಸಿದ್ದೇನೆ. ಕೀಳುವಾಗ ಜೋಪಾನ. ಮೂರು ಶುಕ್ರವಾರಗಳ ರೆಕಾರ್ಡಿಂಗ್ ಇದೆ, ಅವಳ ಚೌಕ ಮಾತ್ರ. ಕೊನೆಯದನ್ನು ತೋರಿಸು. ಅದರಲ್ಲಿ ಪೂರ್ತಿ ಓದುತ್ತಾಳೆ.

"ನಮ್ಮ ಆಡು ಗಿಡ ಏರಿತು. ಅಪ್ಪ ಬೈದ. ಆಡು ಇಳೀಲಿಲ್ಲ. ಅಪ್ಪನೂ ಏರಿದ."

ಯಾವ ಮಗು ಹೇಳಿದ ಕಥೆಯೋ, ನಗು ಬಂತು. ಆರು ವಾರದಲ್ಲಿ ಒಂದು ಮಗು ಅಕ್ಷರದಿಂದ ಕಥೆಗೆ ಬಂದದ್ದನ್ನು ನಾನು ಎಲ್ಲಿಯೂ ನೋಡಿಲ್ಲ. ಹನ್ನೊಂದು ವರ್ಷದಿಂದ ಓದು ಕಲಿಸುವುದು ಹೇಗೆಂದು ಬೇರೆಯವರಿಗೆ ಹೇಳುತ್ತಿದ್ದೇನೆ. ಇಷ್ಟು ಒಳ್ಳೆಯ ತರಗತಿಯನ್ನು ನೋಡಿದ್ದು ಇದೇ ಮೊದಲು. ಅದರಲ್ಲಿ ಶಿಕ್ಷಕಿ ಕಾಣುವುದಿಲ್ಲ, ಅಷ್ಟೇ.

ಕೇಳಿಸುವುದೂ ಇಲ್ಲ. ನಾನು ಹೆಡ್‌ಫೋನಿನಲ್ಲಿ ಹಲವು ಸಲ ಕೇಳಿದೆ. ಯಾರೂ ಮಾತಾಡುವುದಿಲ್ಲ. ಆದರೆ ಮೊದಲ ಸಲ ಮಲ್ಲೇಶ್ವರಿ "ಆಡು ಇಳೀತು" ಎಂದು ತಪ್ಪಾಗಿ ಓದುತ್ತಾಳೆ. ಓದಿ, ಕಿಟಕಿಯ ಕೆಳಗೆ ನೋಡಿ ಸುಮ್ಮನಾಗುತ್ತಾಳೆ. ಹನ್ನೊಂದು ಸೆಕೆಂಡು. ಆಮೇಲೆ ಚಾರ್ಟಿಗೆ ತಿರುಗಿ, ಪದದ ಕೊನೆಯವರೆಗೆ ಬೆರಳು ಜಾರಿಸಿ, "ಇಳೀಲಿಲ್ಲ" ಎಂದು ತಿದ್ದಿಕೊಳ್ಳುತ್ತಾಳೆ. ಪ್ರತಿ ಸಾಲಿನ ನಂತರವೂ ಹಾಗೆಯೇ. ತಪ್ಪಿದ್ದರೂ ಸರಿಯಿದ್ದರೂ ಹನ್ನೊಂದು.

ಈ ಮೌನವನ್ನು ನಾವಿಬ್ಬರೂ ಮೊದಲೇ ಕೇಳಿದ್ದೇವೆ.

ಕಳೆದ ಸೆಪ್ಟೆಂಬರಿನ ವಿಷಯ ನಾನು ಎಂದೂ ಬರೆಯಲಿಲ್ಲ. ಬರೆಯುತ್ತೇನೆ. ಜಾಹೆದಾಳ ತರಗತಿಯ ವಿಡಿಯೋ ತುಣುಕನ್ನು ನಾನು ತರಬೇತಿಯಲ್ಲಿ ತೋರಿಸಿದೆ. ಹೆಸರು ಹೇಳಲಿಲ್ಲ, ಮುಖವನ್ನು ಮಸುಕು ಮಾಡಿದ್ದೆ. ಮಗು ತಪ್ಪು ಓದುತ್ತದೆ, ಶಿಕ್ಷಕಿ ಏನೂ ಹೇಳದೆ ಅದರ ಮುಖ ನೋಡುತ್ತ ಕೂರುತ್ತಾಳೆ. ನಾನು ಪರದೆಯ ಮೇಲೆ ಗಡಿಯಾರ ಇಟ್ಟು ಓಡಿಸಿದೆ, ಹನ್ನೊಂದು ಸೆಕೆಂಡು. ಪೋಲಾದ ಸಮಯಕ್ಕೆ ಇದು ಉದಾಹರಣೆ, ಮೂರು ಸೆಕೆಂಡಿಗಿಂತ ಹೆಚ್ಚು ಕಾಯಬಾರದು ಎಂದೆ. ಎಲ್ಲರೂ ನಕ್ಕರು. ಟೀಚರ್ ನಿದ್ದೆ ಹೋಗಿರಬೇಕು ಎಂದು ಯಾರೋ ಅಂದರು, ನಾನೂ ನಕ್ಕೆ. ಅಪರೂಪಕ್ಕೆ ಆ ದಿನ ಅವಳೂ ಹಾಜರಿದ್ದಳು. ನಿಮ್ಮ ಶಾಲೆಯ ಚೌಕದಲ್ಲಿ ನೀನು ಅವಳ ಪಕ್ಕದಲ್ಲಿದ್ದೆ. ನೀನು ಕೈ ಚಾಚಿ ಕ್ಯಾಮೆರಾ ಮುಚ್ಚಿದ್ದು ನೆನಪಿದೆ.

ಇನ್ನೊಂದು ವಿಷಯ. ಮೇಲಧಿಕಾರಿ ಪ್ರಭುರಾಜ ಅವರು ತಿಂಗಳ ಕೊನೆಯೊಳಗೆ ಪಟ್ಟಿ ಶುದ್ಧ ಮಾಡಲು ಹೇಳಿದ್ದಾರೆ. ಜಾಹೆದಾಳ ಹೆಸರನ್ನು ತೆಗೆಯಬೇಕಾಗುತ್ತದೆ. ತೆಗೆದರೆ ಆ ಟ್ಯಾಬ್ ತರಬೇತಿಗೆ ಸೇರುವುದಿಲ್ಲ. ಅವಳು ಓದುವುದನ್ನು ನಿಲ್ಲಿಸಿಬಿಟ್ಟರೆ ಎಂದು ನನಗೆ ಭಯ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಸಂಘಮಿತ್ರಾ


ಜಾಲಿದೊಡ್ಡಿ
14 ಸೆಪ್ಟೆಂಬರ್ 2024

ಸಂಘಮಿತ್ರಾ,

ತೋರಿಸಬಾರದಿತ್ತು.

ನಿನ್ನೆ ಶಾಲೆ ಬಿಟ್ಟ ಮೇಲೆ ಅಂಬಣ್ಣನನ್ನೂ ಜಂಬಮ್ಮನನ್ನೂ ಕರೆಸಿ ಕಟ್ಟೆಯ ಮೇಲೆ ಕೂರಿಸಿ ನನ್ನ ಫೋನಿನಲ್ಲಿ ಹಾಕಿದೆ. ಜಂಬಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಮೊಮ್ಮಗಳ ಧ್ವನಿಯನ್ನು ಇಷ್ಟು ಜೋರಾಗಿ ಅವಳು ಮನೆಯಲ್ಲಿಯೂ ಕೇಳಿಲ್ಲವಂತೆ. ಅಲ್ಲಿ ಮಗು ಮಾತಾಡುವುದೇನಿದ್ದರೂ ಕುರಿಮರಿಗಳ ಹತ್ತಿರವಂತೆ. ನನಗೆ ಗೆದ್ದೆ ಅನ್ನಿಸಿತು.

ಅಂಬಣ್ಣ ಇನ್ನೊಮ್ಮೆ ಹಾಕಲು ಹೇಳಿದ. ಹಾಕಿದೆ. ಮೂರನೆಯ ಸಲ ಹಾಕಿಸಿದಾಗ ಅವನು ತನ್ನ ಅಂಗೈಯಿಂದ ಮೊಮ್ಮಗಳು ಕಾಣುವ ಭಾಗವನ್ನು ಮುಚ್ಚಿ ಉಳಿದ ಖಾಲಿ ನೆಲವನ್ನಷ್ಟೇ ನೋಡುತ್ತ ಕುಳಿತ. ಕೊನೆಯವರೆಗೆ ನೋಡಿದ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟ.

"ಓದ್ತಾಳ, ಖರೆ ಅದ. ಓದಿ ಸುಮ್ಮನಾಗ್ತಾಳಲ್ರೀ ಟೀಚರ್, ಆವಾಗ ಯಾರ ಮಾರಿ ನೋಡ್ತಾಳ?"

ಟ್ಯಾಬನ್ನು ನೋಡುತ್ತಾಳೆ ಅಂದೆ. ನನ್ನ ಧ್ವನಿ ನನಗೇ ಹಿಡಿಸಲಿಲ್ಲ.

"ನಾವು ಕುರಿ ಕಾಯೋರು. ಹಿಂಡು ಮೇಯೋದು ಬಿಟ್ಟು ಕಿವಿ ನಿಮಿರಿಸಿ ನಿಂತ್ರ ಅಲ್ಲಿ ಏನೋ ಅದ ಅಂತ ತಿಳೀತದ. ನಮಗ ಕಾಣ್ಲಿ, ಬಿಡ್ಲಿ. ಆ ಕೋಣ್ಯಾಗ ಯಾರ್ ಕುಂದಿರ್ತಿದ್ರು?"

ಜಂಬಮ್ಮ ಅವನನ್ನು ಗದರಿದಳು. ನಿನ್ನಂಥ ಅಂಜುಬುರುಕ ಹಿಂಡು ಹೆಂಗ ಕಾಯ್ತಾನೋ ಎಂದು ಹಂಗಿಸಿದಳು. ಅವನು ನಗಲಿಲ್ಲ. ನಾನು ಜಾಹೆದಾಳ ಹೆಸರು ಹೇಳಿದೆ. ಹೇಳದಿದ್ದರೆ ಊರಲ್ಲಿ ಬೇರೆ ಯಾರಾದರೂ ಹೇಳುತ್ತಿದ್ದರು.

ಈಗ ದೀಪಾವಳಿಯವರೆಗೂ ಕಾಯುವುದಿಲ್ಲವಂತೆ. ದಸರಾ ರಜೆ ಬಿದ್ದ ಮರುದಿನವೇ ಮಗುವನ್ನು ಕರೆದುಕೊಂಡು ಹೋಗುತ್ತಾನೆ. ಕಾಲು ಹಿಡಿಯುವುದೊಂದು ಬಾಕಿಯಿತ್ತು ಅನ್ನುವಷ್ಟು ಬೇಡಿಕೊಂಡೆ. ಕೊನೆಗೆ ಒಂದು ಮಾತಿಗೆ ಒಪ್ಪಿದ. ಇಪ್ಪತ್ತೇಳರ ಶುಕ್ರವಾರ ತಾನು ಬಂದು ಬಾಗಿಲಲ್ಲಿ ಕೂರುತ್ತಾನೆ. ಟ್ಯಾಬ್ ಇರಬಾರದು. "ಆ ಪೆಟ್ಟಿಗಿ ಬಂದ್ ಮಾಡ್ರಿ. ಜೀವ ಇದ್ದ ಮನುಷ್ಯಾರ ಮುಂದ ಓದ್ಲಿ. ನಿಮ್ಮ ಮುಂದ ಓದ್ಲಿ. ಓದಿದ್ರ ಬಿಟ್ಟು ಹೋಗ್ತೀನಿ."

ನನ್ನ ಮುಂದೆ. ಮೂರು ತಿಂಗಳಲ್ಲಿ ಅವಳು ನನ್ನ ಮುಂದೆ ಕೆಮ್ಮಿಯೂ ಇಲ್ಲ.

ಹೆಸರು ತೆಗೆದುಹಾಕು. ಆದರೆ ಇಪ್ಪತ್ತರ ತರಬೇತಿ ಮುಗಿದ ಮೇಲೆ ತೆಗೆ. ಮಗುವಿಗೆ ಇನ್ನೊಂದು ಪಾಠವಾದರೂ ಸಿಗಲಿ. ಹೀಗೆ ಬರೆಯುತ್ತಿದ್ದೇನೆ ನೋಡು, ನನಗೆ ಏನಾಗಿದೆ.

ಬೇರೆ ದಿನಗಳಲ್ಲಿಯೂ ಮಧ್ಯಾಹ್ನ ಆಟಕ್ಕೆ ಬಿಟ್ಟಾಗ ಅವಳು ಆ ಕೋಣೆಗೆ ಹೋಗುತ್ತಾಳೆ ಎಂದು ಉಳಿದ ಮಕ್ಕಳು ಹೇಳಿದರು. ನೆರಳಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಆ ಹೊತ್ತಿನಲ್ಲಿ ನಾನು ಇಲಾಖೆಗೆ ಕಳಿಸುವ ಮಾಹಿತಿ ತುಂಬುತ್ತಿರುತ್ತೇನೆ.

ಏನು ಮಾಡಲಿ ಹೇಳು. ಕಲಿಸುವುದು ಹೇಗೆಂದು ಹೇಳುವುದೇ ನಿನ್ನ ಕೆಲಸವಲ್ಲವೇ. ಈ ಸಲ ನಾನು ಕೇಳುತ್ತೇನೆ.

ಕಲ್ಯಾಣಿ


ರಾಯಚೂರು
22 ಸೆಪ್ಟೆಂಬರ್ 2024

ಪ್ರೀತಿಯ ಕಲ್ಯಾಣಿ,

ಇಪ್ಪತ್ತರಂದು ನಡೆದದ್ದನ್ನು ಮೊದಲು ಹೇಳುತ್ತೇನೆ. ನಾನು ಸ್ಲೈಡ್ ತೋರಿಸುತ್ತಿದ್ದೆ. ಮಲ್ಲೇಶ್ವರಿ ಒಂದು ಸಾಲು ಓದಿ ಸುಮ್ಮನಾದಳು. ನಾನೂ ಸುಮ್ಮನಾದೆ. ಬೇಕೆಂದು ಮಾಡಿದ್ದಲ್ಲ, ಮಾತು ಮುಂದೆ ಹೋಗಲಿಲ್ಲ. ಎಲ್ಲ ಚೌಕಗಳೂ ನಿಶ್ಶಬ್ದವಾದವು. ವಿನೋದ ಮಾಸ್ತರರು ಎಲ್ಲಿಂದಲೋ ಓಡಿಬಂದು, "ಮೇಡಂ, ನೆಟ್ ಹೋತೇನ್ರಿ?" ಎಂದು ಫೋನು ಅಲುಗಾಡಿಸಿದರು. ಆಗ ಆ ಮಗು ಮೊದಲ ಸಲ ಕಣ್ಣನ್ನು ಒಂದು ಗೇಣು ಮೇಲೆತ್ತಿ ನನ್ನನ್ನು ನೋಡಿತು. ತರಗತಿ ನಡೆಯುವಾಗ ಬಾಗಿಲಿಗೆ ಯಾರೋ ಬಂದು ನಿಂತರೆ ಮಕ್ಕಳು ನೋಡುತ್ತಾರಲ್ಲ, ಹಾಗೆ. ನೋಡಿ, ಮತ್ತೆ ಕೆಳಗೆ ನೋಡಿ, ಓದನ್ನು ಮುಂದುವರಿಸಿತು.

ತರಬೇತಿ ಮುಗಿದ ಮೇಲೆ ಹೆಸರನ್ನು ತೆಗೆದೆ. ಇವರನ್ನು ಶಾಶ್ವತವಾಗಿ ತೆಗೆಯಬೇಕೇ ಎಂದು ಪರದೆ ಕೇಳಿತು. ಹೌದು ಒತ್ತಿದೆ. ಬೆರಳು ತಣ್ಣಗಿತ್ತು ಎಂಬುದು ಬಿಟ್ಟರೆ ಏನೂ ಆಗಲಿಲ್ಲ.

ನಿನ್ನೆ ಮಾನ್ವಿಗೆ ಹೋಗಿದ್ದೆ. ಜಾಹೆದಾಳ ತಾಯಿ ಇಮಾಮ್ ಬೀಯವರನ್ನು ನೋಡಲು. ಎಂಟು ತಿಂಗಳು ತಡ. ಬಸ್ ಸ್ಟ್ಯಾಂಡಿನಿಂದ ನಡೆಯುತ್ತ, ಬೈದರೆ ಬೈಸಿಕೊಂಡು ಬರುವುದು ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಚಾಪೆ ಹಾಸಿದರು, ಚಹಾ ಕೊಟ್ಟರು, ಊಟ ಮಾಡದೆ ಹೋಗಬೇಡ ಎಂದರು. ಮಗಳ ಫೋಟೋ ಗೋಡೆಯ ಮೇಲಿರಲಿಲ್ಲ. ಟ್ರಂಕಿನಿಂದ ತೆಗೆದು ತೋರಿಸಿದರು. ಶುಕ್ರವಾರಗಳ ಬಗ್ಗೆ ನಾನು ಏನೂ ಹೇಳಲಿಲ್ಲ. ಅವಳು ಮಕ್ಕಳ ಮುಂದೆ ಅಷ್ಟು ಹೊತ್ತು ಸುಮ್ಮನೆ ಕೂರುವುದನ್ನು ಎಲ್ಲಿ ಕಲಿತಳು ಎಂದಷ್ಟೇ ಕೇಳಿದೆ. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಸಣ್ಣಾಕಿದ್ದಾಗ ಆಕಿಗಿ ಓದಾಕ ಬರ್ತಿದ್ದಿಲ್ಲವಾ. ಸಾಲ್ಯಾಗ ಹೊಡೀತಿದ್ರು. ಮನಿಗಿ ಬಂದು ನನ್ನ ಮುಂದ ಪುಸ್ತಕ ಹಿಡ್ಕೊಂಡು ಕುಂದಿರ್ತಿದ್ಲು. ನಾ ಓದಿದಾಕಿ ಅಲ್ಲ, ತಪ್ಪ್ಯಾವುದು ಸರಿ ಯಾವುದು ನನಗೇನ್ ಗೊತ್ತು? ಆಕಿ ಓದೋದು, ನಾ ಮಾರಿ ನೋಡೋದು. ತಪ್ಪಾಗಿದ್ರ ಆಕಿ ಮಾರ್ಯಾಗೇ ಕಾಣ್ತಿತ್ತು. ನಾ ಸುಮ್ಮನಿರ್ತಿದ್ದೆ. ಆಕೀನೇ ಹುಡುಕಿ ತಿದ್ಕೊಂತಿದ್ಲು."

ನಾನು ಗಡಿಯಾರ ಹಿಡಿದು ಅಳೆದದ್ದು ಇದನ್ನು.

ಏನು ಮಾಡಲಿ ಎಂದು ಕೇಳಿದ್ದೀಯ. ಹನ್ನೊಂದು ವರ್ಷದಲ್ಲಿ ಹೇಳಿದ್ದನ್ನೆಲ್ಲ ಬದಿಗಿಟ್ಟು ಹೇಳುತ್ತೇನೆ. ನೆಲದ ಮೇಲೆ ಕುಳಿತುಕೋ. ನಿನ್ನ ಮುಖ ಅವಳಿಗೆ ಕಾಣಲಿ. ಓದು ಎಂದು ಹೇಳಬೇಡ. ಶಭಾಷ್ ಎನ್ನಬೇಡ. ತಪ್ಪಿದರೆ ತುಟಿಯನ್ನೂ ಅಲ್ಲಾಡಿಸಬೇಡ. ಅಂಬಣ್ಣ ಎದ್ದು ನಿಂತರೂ ಅವಸರ ಮಾಡಬೇಡ.

ಕಾಯುವವರು ಇಲ್ಲವಾದರೆ ಅವಳು ಓದುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಇನ್ನು ಕಾಯುವುದು ನಿನ್ನ ಪಾಲಿಗೆ ಬಂದಿದೆ.

ನಿನ್ನ
ಸಂಘಮಿತ್ರಾ


ಜಾಲಿದೊಡ್ಡಿ
28 ಸೆಪ್ಟೆಂಬರ್ 2024

ಸಂಘಮಿತ್ರಾ,

ನಿನ್ನೆಯದನ್ನು ಇವತ್ತೇ ಬರೆಯದಿದ್ದರೆ ನಾಳೆ ನನಗೆ ಬೇರೆ ಥರ ನೆನಪಾದೀತು.

ಟ್ಯಾಬನ್ನು ಆಫ್ ಮಾಡಿ ನನ್ನ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅಂಬಣ್ಣನಿಗೇ ಕೊಟ್ಟೆ. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಜಾಹೆದಾಳ ಕೋಣೆಯ ಹೊಸ್ತಿಲ ಮೇಲೆ ಕುಳಿತ, ಒಂದು ಕಾಲು ಒಳಗೆ, ಒಂದು ಹೊರಗೆ. ಕಂಬಳಿ ಹೆಗಲ ಮೇಲಿತ್ತು. ಜಂಬಮ್ಮ ಬರಲಿಲ್ಲ, ನನ್ನಿಂದ ನೋಡಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಉಳಿದ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂರಿಸಿದ್ದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೂರು ಗಂಟೆ.

ನೀನು ಹೇಳಿದ ಹಾಗೆ ಕಿಟಕಿಯ ಕೆಳಗೆ, ನೆಲದ ಮೇಲೆ, ಗೋಡೆಗೆ ಒರಗಿ ಕುಳಿತೆ. ಹದಿಮೂರು ವರ್ಷ ಈ ಶಾಲೆಯಲ್ಲಿದ್ದೇನೆ, ನೆಲದಿಂದ ಆ ಕೋಣೆ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಚಾರ್ಟುಗಳೆಲ್ಲ ಓದಲು ಬರುವಷ್ಟು ಹತ್ತಿರ ಬಂದವು.

ಮಲ್ಲೇಶ್ವರಿ ಬಂದಳು. ಆಡಿನ ಚಾರ್ಟಿನ ಪಕ್ಕದಲ್ಲಿ ನಿಂತಳು. ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟಳು. ನನ್ನ ಕಡೆ ನೋಡಿದಳು. ಬಾಯಿ ತೆರೆಯಲಿಲ್ಲ.

ನಾನು ಎಣಿಸಿದೆ. ಹನ್ನೊಂದು ದಾಟಿತು. ಮೂವತ್ತು ದಾಟಿತು. ಓದವ್ವಾ ಎನ್ನಬೇಕೆನ್ನಿಸಿತು, ಅನ್ನಲಿಲ್ಲ. ಎಂಬತ್ತರ ಹತ್ತಿರ ಎಣಿಕೆ ತಪ್ಪಿತು. ಅಂಬಣ್ಣ ಮೊಣಕಾಲಿಗೆ ಕೈ ಊರಿ ಎದ್ದ. "ಆತು ಬಿಡ್ರಿ ಟೀಚರ್. ನಡಿಯವ್ವಾ ಮಲ್ಲಿ, ಹೋಗೂಣು" ಎಂದ. ನಾನು ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಮುಗಿಯಿತು ಅನ್ನಿಸಿತು. ಅವಳ ಮುಖವನ್ನೇ ನೋಡುತ್ತ ಕುಳಿತೆ. ಅವಳಿಗೆ ಭಯವಿರಲಿಲ್ಲ, ಸಂಘಮಿತ್ರಾ. ಬೇರೆ ಏನೋ ಇತ್ತು. ದೊಡ್ಡವರು ತಪ್ಪು ಮಾಡಿದಾಗ ಹೇಳುವುದೋ ಬೇಡವೋ ಎಂದು ಮಕ್ಕಳಿಗೆ ಆಗುವ ಸಂಕೋಚ.

ಆಮೇಲೆ ಹೇಳಿದಳು. ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಧ್ವನಿ ಸಣ್ಣದಲ್ಲ, ಸ್ಪಷ್ಟವಾಗಿತ್ತು.

"ಟೀಚರ್, ಒಂದೀಟು ಆ ಕಡಿ ಕುಂದರ್ರಿ. ಅವರಿಗಿ ಜಾಗ ಇಲ್ಲ."

ಗೋಡೆ ಬಿಸಿಲಿಗೆ ಕಾದಿತ್ತು. ನನ್ನ ಬೆನ್ನಿನ ಹಿಂದೆ ಅದು ತಣ್ಣಗಿತ್ತು ಎಂದು ಆಗ ಗಮನಿಸಿದೆ. ಅದು ನನ್ನ ಬೆವರೇ ಇದ್ದೀತು. ಏನೂ ಕೇಳದೆ ಕೈಯೂರಿ ಒಂದು ಮೊಳ ಬಲಕ್ಕೆ ಸರಿದು ಕುಳಿತೆ.

ಅವಳು ಓದಿದಳು. ನಾಲ್ಕೂ ಸಾಲು. ಪ್ರತಿ ಸಾಲಿನ ನಂತರ ನಿಂತಳು, ನೋಡಿದಳು. ಮೊದಲು ನನ್ನ ಎಡಕ್ಕೆ, ಆಮೇಲೆ ನನ್ನನ್ನು. ನಾನು ತುಟಿ ಅಲ್ಲಾಡಿಸಲಿಲ್ಲ. ಆ ಚಾರ್ಟು ಮುಗಿಸಿ ಪಕ್ಕದ ಚಾರ್ಟಿಗೆ ಹೋದಳು. ಅದನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಒಂದು ಕಡೆ ತಪ್ಪಿದಳು, ನಿಂತಳು, ತಾನೇ ತಿದ್ದಿಕೊಂಡಳು. ನಾನು ಅಳುತ್ತಿದ್ದೆ ಎಂದು ನನಗೆ ಆಮೇಲೆ ತಿಳಿಯಿತು.

ಅಂಬಣ್ಣ ಹೊಸ್ತಿಲಲ್ಲಿ ನಿಂತೇ ಕೇಳಿದ. ಓದು ಮುಗಿದ ಮೇಲೂ ಬಹಳ ಹೊತ್ತು ನಿಂತಿದ್ದ. ಅವಳು ಆಡಿದ ಮೊದಲ ಮಾತು ಅವನಿಗೂ ಕೇಳಿಸಿತ್ತು. ಈಗ ಮಗುವನ್ನು ಎತ್ತಿಕೊಂಡು ಓಡುತ್ತಾನೆ ಎಂದುಕೊಂಡೆ. ಅವನು ಕಾಲಿನ ಚಪ್ಪಲಿಯನ್ನು ಹೊರಗೆ ಕಳಚಿ ಒಳಗೆ ಬಂದ. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟ. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟ. ಕೈಗೆ ಕೊಡಲಿಲ್ಲ. ನನಗೂ ನನ್ನ ಎಡಗಡೆಯ ಖಾಲಿ ಜಾಗಕ್ಕೂ ನಡುವೆ, ಸರಿಯಾಗಿ ಮಧ್ಯದಲ್ಲಿಟ್ಟ.

"ದೀವಳಗಿಗಿ ಹೋಗ್ತೀನಿ. ಹಿಂದ ಬರೋದು ಬ್ಯಾಸಗಿಗಿ" ಎಂದ. ಹೊಸ್ತಿಲು ದಾಟುವ ಮೊದಲು ತಿರುಗಿ ನಿಂತು ಕೈಮುಗಿದ.

"ಕೂಸಿನ್ನ ಬಿಟ್ಟು ಹೋಗ್ತೀನ್ರಿ. ಇಬ್ರೂ ಕೂಡಿ ನೋಡ್ಕೋರಿ."

ಕಲ್ಯಾಣಿ